ಬಾಣಲೆಯ ಸದ್ದು

ತಲಘಟ್ಟಪುರದ ಮೆಟ್ರೋ ನಿಲ್ದಾಣದಿಂದಿಳಿದು ಕನಕಪುರ ರಸ್ತೆಯ ಅಂಚಿಗೆ ಬಂದು ನಿಂತಾಗ, ಸಂಜೆಯ ವಾಹನಸಮೂಹದ ಹೊಗೆಯನ್ನೂ ಧೂಳನ್ನೂ ಭೇದಿಸಿಕೊಂಡು, ಆಲೂಗಡ್ಡೆಯ ಬಿಲ್ಲೆಗಳನ್ನು ಎಣ್ಣೆಯಲ್ಲಿ ಕರಿಯುವ ಪರಿಮಳವೊಂದು ತೇಲಿ ಬರುತ್ತದೆ. 2021ರ ಜನವರಿಯಲ್ಲಿ ರೈಲು ನಮ್ಮ ಊರನ್ನು ಮುಟ್ಟಿದ ತರುವಾಯ ಇಲ್ಲಿ ತೆರೆದ ಅಂಗಡಿಗಳು ಅನೇಕ. ಆದರೆ ಮನೆಗೆ ತಿರುಗುವ ಅಡ್ಡರಸ್ತೆಯ ಮೂಲೆಯಲ್ಲಿರುವ ಚಿಪ್ಸ್ ಅಂಗಡಿಯಷ್ಟು ಅಧಿಕಾರದಿಂದ ದಾರಿಹೋಕನನ್ನು ತಡೆದು ನಿಲ್ಲಿಸಬಲ್ಲುದು ಮತ್ತೊಂದಿಲ್ಲ. ಮುಂದುಗಡೆ ದೊಡ್ಡ ಬಾಣಲೆ, ಪಕ್ಕದಲ್ಲಿ ಸಿಪ್ಪೆ ಹೆರೆದ ಗಡ್ಡೆಗಳು ಮುಳುಗಿರುವ ನೀರಿನ ಬಕೀಟು, ಹಿಂದೆ ಗಾಜಿನ ಕಪಾಟುಗಳಲ್ಲಿ ಬಾಳೆಕಾಯಿ, ಮರಗೆಣಸು, ಹಾಗಲಕಾಯಿಗಳ ಚಿಪ್ಸು, ನಿಪ್ಪಟ್ಟು, ಕೋಡುಬಳೆ, ಅವಲಕ್ಕಿ ಮಿಕ್ಸ್ಚರು. ಜಯನಗರವಾಗಲಿ ಬನಶಂಕರಿಯಾಗಲಿ, ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ, ಹಾಲಿನ ಬೂತು, ಔಷಧದ ಅಂಗಡಿ, ಗಣಪತಿಯ ಗುಡಿ ಇವುಗಳ ಸಮೀಪದಲ್ಲಿಯೇ ಇಂಥದೊಂದು ಬಾಣಲೆ ಕಾಯುತ್ತಿರುತ್ತದೆ. ಅದಿಲ್ಲದ ಬಡಾವಣೆ ನನ್ನ ಮಟ್ಟಿಗೆ ಇನ್ನೂ ಊರಾಗಿಲ್ಲ.

ಕರಿಯುವವರು ಅರಕಲಗೂಡಿನ ಕಡೆಯವರು, ಮಿತಭಾಷಿಗಳು. ಬಾಣಲೆಯ ಮೇಲೆಯೇ ಚಿಪ್ಸ್ ಮಣೆಯನ್ನು ಓರೆಯಾಗಿ ಹಿಡಿದು, ಗಡ್ಡೆಯನ್ನು ಅಂಗೈಯಿಂದೊತ್ತಿ, ಕೈ ಒಮ್ಮೆಯೂ ತಡೆಯದಂತೆ ಅವರು ಉಜ್ಜುತ್ತ ಹೋದಾಗ, ಬೆಳಕು ತೂರುವಷ್ಟು ತೆಳುವಾದ ಬಿಲ್ಲೆಗಳು ಒಂದರ ಹಿಂದೊಂದಾಗಿ ಎಣ್ಣೆಗೆ ಜಾರುತ್ತವೆ. ಒಡನೆಯೇ ನೊರೆಯುಕ್ಕಿ ಬಾಣಲೆ ಭೋರ್ಗರೆಯುತ್ತದೆ. ಆಲೂಗಡ್ಡೆಯ ತೂಕದಲ್ಲಿ ಹೆಚ್ಚುಕಡಮೆ ಐದರಲ್ಲಿ ನಾಲ್ಕು ಪಾಲು ನೀರೇ ಆಗಿರುವುದರಿಂದ, ಕಾದ ಎಣ್ಣೆಯಲ್ಲಿ ಅಷ್ಟು ನೀರೂ ಆವಿಯಾಗಿ ಹೊರಡುವ ಆರ್ಭಟ ಅದು. ಆರ್ಭಟ ಕ್ರಮೇಣ ತಗ್ಗಿ ಸಣ್ಣ ಮರ್ಮರವಾಗುತ್ತದೆ, ಮರ್ಮರವೂ ಕ್ಷೀಣಿಸುತ್ತದೆ. ಅಷ್ಟರಲ್ಲಿ ಅವರ ಜಾಲರಿ ಸೌಟು ಎಣ್ಣೆಯೊಳಗೆ ಇಳಿದಿರುತ್ತದೆ. ಗಡಿಯಾರವನ್ನು ಅವರು ನೋಡಿದುದನ್ನು ನಾನು ಕಂಡಿಲ್ಲ, ಬಣ್ಣವನ್ನು ಪರೀಕ್ಷಿಸುವುದೂ ಅಪರೂಪ. ಒಮ್ಮೆ ಈ ವಿಷಯವನ್ನು ಕೇಳಿದಾಗ, “ಕಣ್ಣಿಗಿಂತ ಕಿವಿ ಮುಖ್ಯ ಸಾರ್. ಸದ್ದು ಅಡಗೋವರ್ಗೂ ಕಾಯ್ಬೇಕು. ಅಡಗಿದ್ಮೇಲೆ ಒಂದ್ ಗಳಿಗೆ ಬಿಟ್ರೂ ಕೆಂಪಾಯ್ತದೆ” ಎಂದರು. ನಾಲ್ಕು ಕಿಲೋ ಗಡ್ಡೆ ಹಾಕಿದರೆ ಒಂದು ಕಿಲೋ ಆಸುಪಾಸು ಚಿಪ್ಸ್ ಕೈಗೆ ಬರುವ ಈ ವ್ಯವಹಾರದಲ್ಲಿ, ಒಂದು ಬಾಣಲೆ ಕೆಂಪಾಯಿತೆಂದರೆ ಆ ಹೊತ್ತಿನ ಲಾಭ ಹೋದಂತೆಯೇ. ಬೇಕುಬೇಡಗಳನ್ನು ಇಷ್ಟು ನಿಖರವಾಗಿ ಬಲ್ಲ ಕಿವಿಯನ್ನು ನಾವು ಸಂಗೀತಗಾರರಲ್ಲಿ ಮಾತ್ರವೇ ಹುಡುಕುತ್ತೇವೆ. ಇಂಥವರಲ್ಲಿಯೂ ಅದಿರುವುದೆಂದು ಒಪ್ಪಿಕೊಳ್ಳುವುದು ನ್ಯಾಯ.

ಅರಕಲಗೂಡಿನವರೆಂದ ಮೇಲೆ ಆಲೂಗಡ್ಡೆಯ ಮಾತು ಬಾಣಲೆಗೇ ನಿಲ್ಲುವುದು ಹೇಗೆ? ಅರಕಲಗೂಡು ಇರುವ ಹಾಸನ ಜಿಲ್ಲೆಯೆಂದರೆ ಕರ್ನಾಟಕದ ಮಳೆಗಾಲದ ಆಲೂಗಡ್ಡೆಯ ತವರು. ಉತ್ತರ ಭಾರತದ ಬಯಲಿನಲ್ಲಿ ಚಳಿಗಾಲದ ಬೆಳೆಯಾಗಿರುವ ಈ ಗಡ್ಡೆಯನ್ನು ಹಾಸನದ ರೈತರು ಮೇ ಜೂನ್ ತಿಂಗಳುಗಳಲ್ಲಿ, ಮುಂಗಾರಿನ ಮೋಡವನ್ನು ನಂಬಿ, ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬಂದ ಬಿತ್ತನೆಗಡ್ಡೆಯನ್ನು ಕೊಯ್ದು ನೆಡುತ್ತಾರೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಿ ಬಂದ ಗಡ್ಡೆ ಕೆಂಪುಮಣ್ಣಿನಲ್ಲಿ ಮೊಳೆತು ಹೂ ಬಿಟ್ಟಾಗಿನ ಆ ಹೊಲಗಳ ಚೆಲುವನ್ನು ಹೊಳೆನರಸೀಪುರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನಾನು ನೋಡಿ ಆನಂದಿಸಿದ್ದೇನೆ. ಆದರೆ ಎಡೆಬಿಡದ ಮಳೆ, ಮುಸುಕಿದ ಮಂಜು, ತಂಪುಗಾಳಿ ಇವು ಕೂಡಿದುವೆಂದರೆ ಅಂಗಮಾರಿ ರೋಗ ಬರುತ್ತದೆ. ನಿನ್ನೆ ಹಸುರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟು ಕರಕಾಗಿ ನಿಲ್ಲುತ್ತದೆ. 1845ರಲ್ಲಿ ಐರ್ಲೆಂಡನ್ನು ಹೊಕ್ಕು, ಆ ದೇಶದ ಬಡವರನ್ನು ಹಸಿವಿಗೂ ಹಡಗಿಗೂ ಒಪ್ಪಿಸಿದ ರೋಗವೂ ಇದೇ. ಸಾಲುಸಾಲು ವರ್ಷಗಳು ಇದರಿಂದ ಪೆಟ್ಟು ತಿಂದು ಹಾಸನದ ಎಷ್ಟೋ ಕುಟುಂಬಗಳು ಜೋಳಕ್ಕೂ ಶುಂಠಿಗೂ ಹೊರಳಿದುವು. ನಮ್ಮ ಅಂಗಡಿಯವರ ಕುಟುಂಬವೂ ಅವುಗಳಲ್ಲೊಂದು. ಅಪ್ಪ ಬೆಳೆದ ಗಡ್ಡೆಯನ್ನು ಮಗ ಈಗ ಪೇಟೆಯಲ್ಲಿ ಕೊಂಡು ಕರಿಯುತ್ತಿದ್ದಾರೆ. ಮೂಟೆ ಬಂದೊಡನೆ ಮೊದಲು ಒಂದು ಗಡ್ಡೆಯನ್ನು ಕೈಗೆತ್ತಿಕೊಂಡು, ಉಗುರಿನಿಂದ ಸಿಪ್ಪೆಯನ್ನು ಕೆರೆದು, ಮೂಸಿ ನೋಡಿ, ಆಮೇಲೆ ದರದ ಮಾತೆತ್ತುವ ಅವರ ಪದ್ಧತಿಯಲ್ಲಿ ಆ ಹೊಲದ ವಿದ್ಯೆ ಇನ್ನೂ ಉಳಿದಿದೆ.

ಎಲ್ಲ ಆಲೂಗಡ್ಡೆಯೂ ಚಿಪ್ಸಿಗೆ ಒಗ್ಗುವುದಿಲ್ಲವೆಂಬುದನ್ನು ಅವರಿಂದಲೇ ತಿಳಿದೆ. ಶೀತಲಗೃಹದಲ್ಲಿ ಬಹುಕಾಲ ಇದ್ದ ಗಡ್ಡೆ ಚಳಿಗೆ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಪರಿವರ್ತಿಸಿಕೊಂಡುಬಿಡುತ್ತದೆ. ಆ ಸಕ್ಕರೆ ಕಾದ ಎಣ್ಣೆಯಲ್ಲಿ ಕಂದಿ, ಬಿಲ್ಲೆ ಗರಿಗರಿಯಾಗುವುದಕ್ಕೆ ಮೊದಲೇ ಕಪ್ಪಡರಿ ಕಹಿಯಾಗುತ್ತದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಈ ತೊಡಕನ್ನು ಬಿಡಿಸಲೆಂದೇ ಸಕ್ಕರೆ ಕಡಮೆಯಾದ, ಗಟ್ಟಿ ಅಂಶ ಹೆಚ್ಚಾದ ತಳಿಗಳಿಗಾಗಿ ಶ್ರಮಿಸಿ, 1998ರಲ್ಲಿ ‘ಕುಫ್ರಿ ಚಿಪ್ಸೋನ’ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಹಾಸನದ ಹೊಲಗಳಲ್ಲಿ ಹೆಚ್ಚಾಗಿ ಬೆಳೆದುದು ಅದಕ್ಕೂ ಹಳೆಯದಾದ, 1968ರ ‘ಕುಫ್ರಿ ಜ್ಯೋತಿ’. ಕುಫ್ರಿಯೆನ್ನುವುದು ಶಿಮ್ಲಾದ ಸಮೀಪದ ಒಂದು ಬೆಟ್ಟದೂರು. ಆ ಊರಿನ ಹೆಸರು ಅರಕಲಗೂಡಿನ ರೈತನ ನಾಲಗೆಯ ಮೇಲೆ ಮನೆಮಗಳ ಹೆಸರಿನಷ್ಟು ಸಲಿಗೆಯಿಂದ ಆಡುತ್ತಿರುವುದನ್ನು ಕೇಳುವುದೇ ಒಂದು ಸಂತೋಷ. ತಲಘಟ್ಟಪುರದವರಾದ ನಮಗೆ ಇಂಥ ತಪಸ್ಸಿನ ಪರಿಚಯವಿದೆ. ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿಯೇ; ನಮ್ಮ ಮುಂದಿನ ಮೆಟ್ರೋ ನಿಲ್ದಾಣಕ್ಕೆ ಅದರದೇ ಹೆಸರು. ಒಂದು ಹುಳು ಮೇಯುವ ಎಲೆಯ ಗುಣವನ್ನು ತಿದ್ದುವುದಕ್ಕಾಗಿ ಆಯುಷ್ಯವನ್ನು ಸವೆಸಿದವರು ಬೆಳಗಿನ ನಡಿಗೆಯಲ್ಲಿ ನಮಗೆ ಎದುರಾಗುತ್ತಾರೆ. ಗಡ್ಡೆಯೊಳಗಿನ ಸಕ್ಕರೆಯನ್ನು ಬೆನ್ನಟ್ಟಿದವರೂ ಅದೇ ಗೋತ್ರದವರು.

ಚಿಪ್ಸ್ ಎಂಬುದು ಅಂಗಡಿಯಿಂದ ತರುವ ಪದಾರ್ಥವಾಗುವುದಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಅದರ ಪೂರ್ವಜನೊಬ್ಬನಿದ್ದ. ಬಸವನಗುಡಿಯ ನಮ್ಮ ಹಳೆಯ ಮನೆಯ ತಾರಸಿಯ ಮೇಲೆ, ಯುಗಾದಿ ಕಳೆದು ಬಿಸಿಲು ಬಲಿತ ದಿನಗಳಲ್ಲಿ, ನನ್ನ ಸೋದರತ್ತೆ ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಉಪ್ಪು ಹಾಕಿದ ಕುದಿನೀರಿನಲ್ಲಿ ಅರೆಬೇಯಿಸಿ, ಹಳೆಯ ಪಂಚೆಯ ಮೇಲೆ ಒಂದಕ್ಕೊಂದು ತಗುಲದಂತೆ ಹರವುತ್ತಿದ್ದಳು. ಬೂದುಗುಂಬಳದ ಸಂಡಿಗೆ, ಅರಳು ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಇವುಗಳ ಸಾಲಿನಲ್ಲಿ ಅವಕ್ಕೂ ಒಂದು ಪಂಚೆ. ನೆರಳಿನಲ್ಲಿ ಕೋಲು ಹಿಡಿದು ಕುಳಿತು, “ಕಾಗೆ ನೋಡ್ಕೊಳ್ಳೋ, ಪುಸ್ತಕ ಆಮೇಲೆ ಓದುವೆಯಂತೆ” ಎಂಬ ಆಜ್ಞೆಯನ್ನು ಪಾಲಿಸುವ ಕೆಲಸ ಮಕ್ಕಳದು. ಎರಡು ಮೂರು ದಿನಗಳ ಬಿಸಿಲಿಗೆ ಬಿಲ್ಲೆಗಳು ಸುರುಟಿ, ಕೈಯಲ್ಲಿ ಹಿಡಿದು ಕುಲುಕಿದರೆ ಕಟಕಟ ಸದ್ದು ಮಾಡುತ್ತಿದ್ದುವು. ಆಗ ಅವು ತಗಡಿನ ಡಬ್ಬಿಯೊಳಕ್ಕೆ ಸೇರಿ, ಆಷಾಢದ ಜಡಿಮಳೆಯ ಸಂಜೆಗಳಿಗಾಗಿ ಕಾಯುತ್ತಿದ್ದುವು. ಶ್ರಾದ್ಧದ ಅಡಿಗೆಯಲ್ಲಿ ಆಲೂಗಡ್ಡೆಗೆ ಎಂದೂ ಪ್ರವೇಶ ಕೊಡದ ಅತ್ತೆ, ಬಿಸಿಲುಮಚ್ಚಿನ ಮೇಲೆ ಅದಕ್ಕೆ ಇಷ್ಟೊಂದು ಉಪಚಾರ ಮಾಡುತ್ತಿದ್ದುದನ್ನು ನೆನೆದರೆ, ಪರದೇಶದ ತರಕಾರಿಯೊಂದು ನಮ್ಮ ಮನೆಯನ್ನು ಹೊಕ್ಕದ್ದು ಪಡಸಾಲೆಯ ಬಾಗಿಲಿನಿಂದಲ್ಲ, ತಾರಸಿಯ ಮೆಟ್ಟಿಲಿನಿಂದ ಎನ್ನಬೇಕಾಗುತ್ತದೆ.

ಈ ಗಡ್ಡೆಯ ಮೂಲನಿವಾಸವಾದ ಆಂಡಿಸ್ ಪರ್ವತಗಳಲ್ಲಿ, ಪೆರು ಬೊಲಿವಿಯಾಗಳ ಎತ್ತರದ ಪ್ರಸ್ಥಭೂಮಿಯಲ್ಲಿ, ಜನ ಬಹು ಪ್ರಾಚೀನಕಾಲದಿಂದಲೂ ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಹರವಿ, ಹೆಪ್ಪುಗಟ್ಟಿಸಿ, ಹಗಲಿನಲ್ಲಿ ಬರಿಗಾಲಿನಿಂದ ತುಳಿದು ನೀರನ್ನು ಹೊರಡಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಚುನ್ಯೊ ಎಂದು ಕರೆಯುವ ಆ ಒಣಗಡ್ಡೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದನ್ನು ಕುರಿತು ಓದಿದಂದು ನನಗೆ ಅತ್ತೆಯ ಪಂಚೆ ಕಣ್ಣ ಮುಂದೆ ಬಂತು. ಭೂಗೋಲದ ಆ ಬದಿಯ ಹೆಂಗಸರನ್ನು ಅವಳು ಕೇಳಿಯೂ ಅರಿಯಳು. ಆದರೂ ಗಡ್ಡೆಯ ನೀರನ್ನು ತೆಗೆದರೆ ಕಾಲವನ್ನು ತಡೆಯಬಹುದೆಂಬ ಒಂದೇ ಸೂತ್ರ ಇಬ್ಬರ ಕೈಗೂ ಹೊಳೆದಿತ್ತು. ನೋಡಿದರೆ, ಅತ್ತೆ ಆ ಒಣಬಿಲ್ಲೆಗಳನ್ನು ಕರಿಯುತ್ತಿದ್ದ ಕಡಲೆಕಾಯಿ ಎಣ್ಣೆಯ ಕಡಲೆಕಾಯಿಯೂ, ಮೇಲೆ ಉದುರಿಸುತ್ತಿದ್ದ ಅಚ್ಚಖಾರದ ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದಲೇ ಕಡಲನ್ನು ದಾಟಿ ಬಂದುವು. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆದಾಗ, ರಾಶಿಗಳ ನಡುವೆ ಓಡಾಡುತ್ತಿದ್ದ ನಮಗೆ ಆ ಕಾಯಿ ಬಸವನಷ್ಟೇ ಈ ನೆಲದ್ದೆಂಬುದರಲ್ಲಿ ಸಂದೇಹವಿರಲಿಲ್ಲ. ಈಗಲೂ ಇಲ್ಲ. ಇಷ್ಟು ಕಾಲ ಇಷ್ಟು ಕೈಗಳು ಪ್ರೀತಿಯಿಂದ ಹಿಡಿದ ವಸ್ತು ಪರಕೀಯವಾಗಿ ಉಳಿಯಲಾರದು.

ಅತ್ತೆ ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳ ಡಬ್ಬಿಗಳಲ್ಲಿ ಅರ್ಧ ನಮ್ಮ ಮನೆಗೆ, ಉಳಿದರ್ಧ ನೆರೆಹೊರೆಯವರಿಗೆ. ಅವರು ಕೊಡುತ್ತಿದ್ದ ಸಣ್ಣ ಹಣವೇ ಅವಳದೆಂದು ಅವಳು ಹೇಳಿಕೊಳ್ಳಬಹುದಾಗಿದ್ದ ಏಕೈಕ ಸ್ವತ್ತು. ಆ ಕಾಲದ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಇಂಥ ಅತ್ತೆಯರು ಬೀದಿಗೊಬ್ಬರು ಇದ್ದರು. ಅವರಲ್ಲಿ ಒಬ್ಬಾಕೆ ಅಡಿಗೆಮನೆಯ ಹೊಸ್ತಿಲನ್ನು ದಾಟಿ ಪೇಟೆಯ ಬೀದಿಗೆ ಬಂದು ನಿಂತರು. ಅವರ ಹೆಸರು ಸುಬ್ಬಮ್ಮ.

ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿಯನ್ನು ಅರಿಯದವರು ದಕ್ಷಿಣ ಬೆಂಗಳೂರಿನಲ್ಲಿ ವಿರಳ. ಶ್ರೀನಿವಾಸನ ಹೆಸರಿನ ಕಾಂಡಿಮೆಂಟ್ಸ್ ಅಂಗಡಿಯಾದರೂ ಊರ ಬಾಯಲ್ಲಿ ಅದು ಸುಬ್ಬಮ್ಮನ ಅಂಗಡಿಯೇ. ವಿಧವೆಯಾದ ಆಕೆ ಹಪ್ಪಳ ಮಾಡಿ ಮಾರುವುದರಿಂದ ಮೊದಲುಗೊಂಡು 1948ರಲ್ಲಿ ಅಂಗಡಿಯನ್ನು ನೆಲೆಗೊಳಿಸಿದರು. ದೇಶ ಸ್ವತಂತ್ರವಾದ ಮರುವರ್ಷ ಅದು. ದೊಡ್ಡ ದೊಡ್ಡ ಕಾರ್ಖಾನೆಗಳ, ಅಣೆಕಟ್ಟುಗಳ ಕನಸುಗಳು ನಾಡಿನ ಮುಂದೆ ಹರಡಿದ್ದ ಆ ಹೊತ್ತಿನಲ್ಲಿ, ಆಸ್ತಿಯಲ್ಲಿ ಸಮಾನ ಹಕ್ಕೂ ಇಲ್ಲದ, ಮಂಗಳಕಾರ್ಯಗಳಲ್ಲಿ ಮುಂದೆ ಬರುವ ಸ್ವಾತಂತ್ರ್ಯವೂ ಇಲ್ಲದ ಹೆಣ್ಣೊಬ್ಬಳು, ತನ್ನ ಕೈಯಳತೆಯೊಂದನ್ನೇ ಮೂಲಧನವಾಗಿ ಮಾಡಿಕೊಂಡು ಅಂಗಡಿಯಿಟ್ಟುದು ನನ್ನ ದೃಷ್ಟಿಯಲ್ಲಿ ಈ ನಗರದ ಇತಿಹಾಸದಲ್ಲಿ ದಾಖಲಾಗಬೇಕಾದ ಸಾಹಸ. ಯಾರ ಶುಭಕಾರ್ಯಕ್ಕೆ ಆಕೆಯಂಥವರನ್ನು ದೂರವಿಡುತ್ತಿದ್ದರೋ ಅವರ ಮನೆಯ ಮದುವೆಯ ಎಲೆಗೇ ಹಪ್ಪಳವೂ ಸಂಡಿಗೆಯೂ ಆಕೆಯ ಅಂಗಡಿಯಿಂದ ಹೋಗಬೇಕಾಯಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಗೌರವದಿಂದ ಮನಸ್ಸು ಬಾಗುತ್ತದೆ.

ಬಾಲ್ಯದಲ್ಲಿ ಅತ್ತೆಯ ಕೈಹಿಡಿದು ಆ ಅಂಗಡಿಗೆ ಹೋಗುತ್ತಿದ್ದೆ. ಅವಳು ಕೊಳ್ಳುತ್ತಿದ್ದುದು ಕಡಮೆ, ನೋಡುತ್ತಿದ್ದುದು ಹೆಚ್ಚು. ಚಕ್ಕುಲಿಯೊಂದನ್ನು ಮುರಿದು, ಸುತ್ತಿನೊಳಗಿನ ಟೊಳ್ಳನ್ನು ಬೆಳಕಿಗೆ ಹಿಡಿದು, “ಹಿಟ್ಟು ಹದವಾಗಿ ಹುರಿದಿದ್ದಾರೆ” ಎಂದೊಪ್ಪಿ, ತನ್ನ ಪಾಲಿಗೆ ಹಿಂಗಿನ ಹಪ್ಪಳದ ಒಂದು ಕಟ್ಟನ್ನೂ ನನ್ನ ಪಾಲಿಗೆ ಕಾಗದದ ಪೊಟ್ಟಣದಲ್ಲಿ ಚಿಪ್ಸನ್ನೂ ಕೊಡಿಸುತ್ತಿದ್ದಳು. ಅಲ್ಲಿಂದ ನರಸಿಂಹರಾಜ ಕಾಲೋನಿಯ ಕಡೆಗೆ ನಡೆಯುತ್ತ, ಮರಗಳ ನೆರಳಿನಲ್ಲಿ, ಪೊಟ್ಟಣದ ತಳದ ಉಪ್ಪುಪುಡಿಯವರೆಗೂ ನಾನು ಇಳಿಯುತ್ತಿದ್ದೆ. ತಾರಸಿಯ ಒಣಬಿಲ್ಲೆಗೂ ಅಂಗಡಿಯ ಹಸಿಬಿಲ್ಲೆಗೂ ಅಂತರವನ್ನು ನನಗೆ ಮೊದಲು ತಿಳಿಸಿದುದು ಆ ನಡಿಗೆ: ಒಣಗಿಸಿ ಕರಿದುದು ಗಟ್ಟಿಯಾಗಿ ಮುರಿಯುತ್ತದೆ, ಹಸಿಯಾಗಿ ಕರಿದುದು ಹಲ್ಲು ತಾಗುವ ಮೊದಲೇ ಚೂರಾಗುತ್ತದೆ. ಅಂಗಡಿ ಇಂದಿಗೂ ಇದೆ. ಮುಂದೆ ಜನ ಇಂದಿಗೂ ನಿಂತಿರುತ್ತಾರೆ.

ಚಿಪ್ಸಿನ ಜನ್ಮಕಥೆಯೆಂದು ಪ್ರಪಂಚವೆಲ್ಲ ಹೇಳುವ ಕಥೆ ಬೇರೆ. 1853ರಲ್ಲಿ ಅಮೆರಿಕದ ಸಾರಟೋಗ ಸ್ಪ್ರಿಂಗ್ಸಿನ ಉಪಾಹಾರಗೃಹವೊಂದರಲ್ಲಿ, ಸಿರಿವಂತ ಗಿರಾಕಿಯೊಬ್ಬ ಹುರಿದ ಆಲೂಗಡ್ಡೆ ದಪ್ಪವಾಯಿತೆಂದು ಹಿಂದಕ್ಕೆ ಕಳುಹಿಸಿದನಂತೆ, ಬಾಣಸಿಗ ಜಾರ್ಜ್ ಕ್ರಮ್ ಸಿಟ್ಟಿನಿಂದ ಅತಿ ತೆಳುವಾಗಿ ಕೊಯ್ದು ಕರಿದು ಕಳುಹಿಸಿದನಂತೆ, ಅದೇ ಪ್ರಖ್ಯಾತವಾಯಿತಂತೆ. ಕಥೆಗೆ ಆಧಾರ ಸಾಲದು. ಅದಕ್ಕೂ ಮೊದಲು, 1817ರಲ್ಲಿಯೇ, ಲಂಡನ್ನಿನ ವಿಲಿಯಂ ಕಿಚನರ್ ತನ್ನ ಅಡಿಗೆಯ ಪುಸ್ತಕದಲ್ಲಿ ಆಲೂಗಡ್ಡೆಯನ್ನು ತೆಳ್ಳಗೆ ಹೆರೆದು ಕರಿಯುವ ವಿಧಾನವನ್ನು ಬರೆದಿಟ್ಟಿದ್ದಾನೆ. ನನಗೆ ಪ್ರಿಯವಾದುದು ಈ ವಂಶಾವಳಿಯ ಮತ್ತೊಂದು ಪುಟ. 1926ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಪಾರ್ಕಿನಲ್ಲಿ ಲಾರಾ ಸ್ಕಡರ್ ಎಂಬಾಕೆ ಚಿಪ್ಸ್ ಉದ್ಯಮವನ್ನು ನಡೆಸುತ್ತಿದ್ದಳು. ಆ ಕಾಲದಲ್ಲಿ ಚಿಪ್ಸನ್ನು ಪೀಪಾಯಿಗಳಲ್ಲಿ ಸುರಿದು ಮಾರುತ್ತಿದ್ದುದರಿಂದ ತಳದಲ್ಲಿದ್ದುದು ಮೆತ್ತಗಾಗಿ ಪುಡಿಯಾಗುತ್ತಿತ್ತು. ಆಕೆಯ ಕಾರ್ಖಾನೆಯ ಹೆಂಗಸರು ಸಂಜೆ ಮೇಣಗಾಗದದ ಹಾಳೆಗಳನ್ನು ಮನೆಗೆ ಒಯ್ದು, ಇಸ್ತ್ರಿಪೆಟ್ಟಿಗೆಯಿಂದ ಅಂಚುಗಳನ್ನು ಬೆಸೆದು ಚೀಲಗಳನ್ನು ಮಾಡಿ ತರುತ್ತಿದ್ದರು. ಮರುದಿನ ಅವುಗಳಲ್ಲಿ ಚಿಪ್ಸ್ ತುಂಬುತ್ತಿತ್ತು. ಇಂದು ಭೂಮಂಡಲವನ್ನೆಲ್ಲ ಮುಚ್ಚಿರುವ ಪ್ಯಾಕೆಟ್ಟಿನ ಮೂಲ, ಮಕ್ಕಳನ್ನು ಮಲಗಿಸಿ ದೀಪದ ಮುಂದೆ ಇಸ್ತ್ರಿ ಒತ್ತಿದ ಆ ಕೈಗಳಲ್ಲಿದೆ. 1959ರಲ್ಲಿ ಮುಂಬಯಿಯ ಗಿರಗಾಂವಿನ ಮಹಡಿಯ ಮೇಲೆ ಏಳು ಮಂದಿ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಲಿಜ್ಜತ್ ಹಪ್ಪಳವನ್ನು ಆರಂಭಿಸಿದುದನ್ನು ಇದರೊಂದಿಗೆ ಸೇರಿಸಿ ನೋಡಿದರೆ, ಸಿಟ್ಟಾದ ಬಾಣಸಿಗನ ಕಥೆಗಿಂತ ಇದೇ ಈ ತಿಂಡಿಯ ನಿಜವಾದ ಚರಿತ್ರೆಯೆಂದು ನನಗೆ ತೋರುತ್ತದೆ. ಸುಬ್ಬಮ್ಮ ಆ ಚರಿತ್ರೆಗೆ ಸೇರಿದವರು, ನನ್ನ ಅತ್ತೆಯೂ.

ಪ್ಯಾಕೆಟ್ಟುಗಳು ಬಂದದ್ದು ನನ್ನ ನಡುವಯಸ್ಸಿನಲ್ಲಿ. 1992ರಲ್ಲಿ ಅಂಕಲ್ ಚಿಪ್ಸ್, 1995ರಲ್ಲಿ ಲೇಸ್. 2000ದಲ್ಲಿ ಹಿಂದಿನದನ್ನು ಮುಂದಿನದರ ಒಡೆಯರೇ ಕೊಂಡರು. ಸಾರಜನಕ ತುಂಬಿ ಉಬ್ಬಿದ ಆ ಚೀಲಗಳನ್ನು ಮಕ್ಕಳು ಪ್ರೀತಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಅವುಗಳ ಹಿಂದೆಯೂ ವಿದ್ಯೆಯಿದೆ, ದುಡಿಮೆಯಿದೆ. ಆದರೆ ತಲಘಟ್ಟಪುರದಲ್ಲಿಯೂ ಟೆಕ್ಸಾಸಿನಲ್ಲಿಯೂ ಜನವರಿಯಲ್ಲಿಯೂ ಜುಲೈಯಲ್ಲಿಯೂ ಅಣುಮಾತ್ರವೂ ಭೇದವಿಲ್ಲದಂತಿರಬೇಕೆಂಬುದು ಅವುಗಳ ವ್ರತ. ಬಾಣಲೆಯ ಚಿಪ್ಸಿಗೆ ಆ ವ್ರತವಿಲ್ಲ. ಭಾದ್ರಪದದ ಹೊಸಗಡ್ಡೆಯ ಚಿಪ್ಸು ಬೆಳ್ಳಗೆ ಹಗುರವಾಗಿರುತ್ತದೆ; ಬೇಸಗೆಯ ಕೊನೆಗೆ, ಹಳೆಯ ದಾಸ್ತಾನು ಬಂದಾಗ, ಅಂಚಿನಲ್ಲಿ ಕಂದುಗೆರೆ ಮೂಡಿ ಒಂದು ಬಗೆಯ ಸಿಹಿ ಹತ್ತುತ್ತದೆ. ಮಳೆ ಹಿಡಿದ ದಿನ ಮನೆಗೆ ತಲಪುವುದರೊಳಗೆ ಗರಿಮುರಿ ಅರ್ಧ ಹೋಗಿರುತ್ತದೆ. ಋತುವನ್ನೂ ದಿನವನ್ನೂ ಕರಿದವರ ಕೈಯನ್ನೂ ತನ್ನಲ್ಲಿ ಹೊತ್ತಿರುವ ಈ ಅಲ್ಪಾಯುಷ್ಯವೇ ಅದರ ಘನತೆ. ಕೆಡದೆ ಉಳಿಯುವ ಪದಾರ್ಥದ ದಾರಿ ಬೇರೆ: ನಮ್ಮ ನಗರದ ಹೋಟೆಲಾದ ಎಂಟಿಆರ್‌ನವರು ತುರ್ತುಪರಿಸ್ಥಿತಿಯ ದಿನಗಳ ದರನಿಯಂತ್ರಣದಿಂದ ಹೋಟೆಲು ನಡೆಸಲಾಗದೆ, ಪುಡಿ ಮತ್ತು ದಿಢೀರ್ ಹಿಟ್ಟುಗಳ ಪೊಟ್ಟಣಗಳತ್ತ ತಿರುಗಿದರು. 2007ರಲ್ಲಿ ಆ ಪೊಟ್ಟಣಗಳ ವ್ಯವಹಾರ ನಾರ್ವೆ ದೇಶದ ಓರ್ಕ್ಲಾದ ಕೈಸೇರಿತು. ಪುಡಿ ಪ್ರವಾಸವನ್ನು ಸಹಿಸುತ್ತದೆ. ಈಗ ಬಾಣಲೆಯಿಂದೆತ್ತಿದ ಚಿಪ್ಸನ್ನು ಯಾವ ದೇಶದ ಯಾವ ಧನಿಕನೂ ಕೊಂಡೊಯ್ಯಲಾರ; ಬೇಕಾದವನು ಇಲ್ಲಿಗೇ ಬಂದು ನಿಲ್ಲಬೇಕು.

ಕಳೆದ ಮಾಘದಲ್ಲಿ ತಮ್ಮನ ಮಗಳ ಮದುವೆ ಕನಕಪುರ ರಸ್ತೆಯ ಕಲ್ಯಾಣಮಂಟಪವೊಂದರಲ್ಲಿ ನಡೆಯಿತು. ಊಟದ ಪಟ್ಟಿಯನ್ನು ಬರೆಯಿಸುವಾಗ, ಕೆಲಸ ಹಗುರವಾಗಲೆಂದು ಚಿಪ್ಸನ್ನು ಮೂಟೆಗಟ್ಟಲೆ ಮೊದಲೇ ತರಿಸಿಡೋಣವೆಂದು ಕಿರಿಯರು ಸೂಚಿಸಿದರು. ನಾನು ಒಪ್ಪಲಿಲ್ಲ, ಅಡಿಗೆಯ ಭಟ್ಟರೂ ಒಪ್ಪಲಿಲ್ಲ. “ಚಿಪ್ಸ್ ನಾನೇ ಕರೀತೇನೆ ರಾಯರೇ, ಆದ್ರೆ ಗಡ್ಡೆ ಹೊಸದೇ ಆಗ್ಬೇಕು, ಕೋಲ್ಡ್ ಸ್ಟೋರೇಜಿಂದು ಒಂದೂ ಬೇಡ. ಪಂಕ್ತಿಗೆ ಬೇರೆ ಬೇರೆ ಬಾಣಲೆ ಇಳಿಸ್ತೇನೆ” ಎಂದರು. ಹಾಗೆಯೇ ಮಾಡಿದರು. ಮೊದಲ ಸಲ ಎಲೆಯ ತುದಿಗೆ, ಕೋಸಂಬರಿಯ ಮಗ್ಗುಲಿಗೆ; ಎರಡನೆಯ ಸಲ ಮೊಸರನ್ನ ಬಡಿಸುವ ಹೊತ್ತಿಗೆ, ಬೆತ್ತದ ಬುಟ್ಟಿಯಲ್ಲಿ, ಇನ್ನೂ ಬಿಸಿಯಾಗಿಯೇ. ನನ್ನ ಎದುರು ಪಂಕ್ತಿಯಲ್ಲಿ ಕುಳಿತಿದ್ದ ಚಿಕ್ಕಮ್ಮನವರಿಗೆ ಹಲ್ಲಿಲ್ಲ. ಅವರು ಎರಡು ಬಿಲ್ಲೆಗಳನ್ನು ಮೊಸರನ್ನದಲ್ಲಿ ಅದ್ದಿ ನೆನೆಯಿಸಿ ನಿಧಾನವಾಗಿ ತಿಂದು, ಬಡಿಸುವ ಹುಡುಗನನ್ನು ಹಿಂದಕ್ಕೆ ಕರೆದು ಇನ್ನೆರಡು ಹಾಕಿಸಿಕೊಂಡರು.